ಟಾಕೀಸು ಕೆಡವಿ ಮಾಲ್ ಕಟ್ಟುವ ಮುನ್ನ ಗೇಟಿನ ಲೆಕ್ಕ

(ಬೆಂಗಳೂರಿನ ಗಾಂಧಿನಗರ, ಕೆಂಪೇಗೌಡ ರಸ್ತೆ ಭಾಗದ ಚಿತ್ರಮಂದಿರಗಳ ಮರುನಿರ್ಮಾಣ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಸ್ಸು ಹತ್ತಿ ‘ಎರಡು ಮೆಜೆಸ್ಟಿಕ್’ ಎಂದು ಟಿಕೆಟ್ ಕೇಳುವವರು ಒಂದು ಟಾಕೀಸಿನ ಹೆಸರು ಹೇಳುತ್ತಿರುತ್ತಾರೆ. ಆ ಟಾಕೀಸು ಹೋಗಿ ಬಹಳ ವರ್ಷವಾಯಿತು. ಹೆಸರು ಬಸ್ ನಿಲ್ದಾಣಕ್ಕೆ, ಆಮೇಲೆ ಇಡೀ ಬಡಾವಣೆಗೆ ಅಂಟಿಕೊಂಡಿತು. ಅಲಂಕಾರ್ ಹೋಗಿ ಅಂಗಡಿ ಸಂಕೀರ್ಣವಾಯಿತು. ಸುಬೇದಾರ್ ಛತ್ರಂ ರಸ್ತೆಯಲ್ಲಿ 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ್ದ ಕಪಾಲಿ 2017ರಲ್ಲಿ ಆಟ ನಿಲ್ಲಿಸಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಸ್ಯಾಂಕಿ ರಸ್ತೆಯ ಕಾವೇರಿ 1974ರಿಂದ 2024ರವರೆಗೆ ಐವತ್ತು ವರ್ಷ ನಡೆಯಿತು. ಎಂ.ಜಿ. ರಸ್ತೆಯ ಪ್ಲಾಜಾ ಇದ್ದ ಜಾಗದಲ್ಲಿ ಈಗ ಮೆಟ್ರೊ ನಿಲ್ದಾಣ. ಇಷ್ಟೆಲ್ಲದರಲ್ಲಿ ಪಾರ್ಕಿಂಗ್ ತಗಾದೆಯೇ ಹುಟ್ಟದ ಮರುನಿರ್ಮಾಣ ಎಂದರೆ ಅದೊಂದೇ ಇರಬೇಕು.

ಟಾಕೀಸು ಏಕೆ ಮುಚ್ಚಿತು, ಮುಚ್ಚಬಾರದಿತ್ತೇ ಎಂಬುದನ್ನು ಇವತ್ತು ಚರ್ಚಿಸುವುದಿಲ್ಲ. ಮಾಲೀಕ ಕೆಡವಲು ತೀರ್ಮಾನಿಸಿಯಾಗಿದೆ, ಆ ಜಾಗದಲ್ಲಿ ಮಲ್ಟಿಪ್ಲೆಕ್ಸ್, ಅಂಗಡಿ, ಫುಡ್‌ಕೋರ್ಟ್ ಬರುತ್ತದೆ ಎಂದು ಇಟ್ಟುಕೊಳ್ಳೋಣ. ಅಕ್ಕಪಕ್ಕದ ಅಂಗಡಿಯವರು, ಲಾಡ್ಜಿನವರು, ಮೇಲಿನ ಮಹಡಿಗಳಲ್ಲಿ ವಾಸ ಇರುವವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಕಾರಿಗೆ ಜಾಗ ಕೊಡ್ತೀರಿ?’ ಬಿಲ್ಡರ್ ಒಂದು ಸಂಖ್ಯೆ ಹೇಳುತ್ತಾನೆ, ಜನ ಅದು ಸಾಲದು ಎನ್ನುತ್ತಾರೆ, ಆತ ಇನ್ನೊಂದು ಬೇಸ್‌ಮೆಂಟ್ ಸೇರಿಸುತ್ತಾನೆ, ಸಭೆ ಮುಗಿಯುತ್ತದೆ. ಎರಡು ವರ್ಷದ ಮೇಲೆ ಮಾಲ್ ತೆರೆದ ಮೊದಲ ಶನಿವಾರವೇ ರಸ್ತೆ ಕಟ್ಟಿಕೊಳ್ಳುತ್ತದೆ, ಒಳಗೆ ಮೂರನೇ ಬೇಸ್‌ಮೆಂಟ್ ಅರ್ಧ ಖಾಲಿ ಇರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ ಇತ್ತು: ಹತ್ತು ನಿಮಿಷದಲ್ಲಿ ಎಷ್ಟು ಗಾಡಿ ಗೇಟು ದಾಟುತ್ತದೆ? ದಾಟದೆ ಉಳಿದದ್ದು ಎಲ್ಲಿ ನಿಲ್ಲುತ್ತದೆ?

ಹಳೆಯ ಆಟ, ಹೊಸ ಆಟ

ಗಾಂಧಿನಗರದ ಏಕಪರದೆ ಟಾಕೀಸುಗಳಲ್ಲಿ ಸಾವಿರದಿಂದ ಸಾವಿರದ ನಾನೂರರವರೆಗೆ ಸೀಟು. ಬೆಳಗಿನ ಆಟ, ಮ್ಯಾಟಿನಿ, ಫಸ್ಟ್ ಶೋ, ಸೆಕೆಂಡ್ ಶೋ ಎಂದು ದಿನಕ್ಕೆ ನಾಲ್ಕು. ಒಂದು ಆಟ ಬಿಟ್ಟ ಜನ, ಮುಂದಿನ ಆಟಕ್ಕೆ ಕಾದ ಜನ ಒಂದೇ ಗೇಟಿನಲ್ಲಿ ಎದುರಾಗುತ್ತಿದ್ದರು. ಆದರೂ ಅಂದು ರಸ್ತೆ ಹೇಗೋ ತಾಳಿಕೊಂಡಿತು. ಜನರಲ್ಲಿ ಹೆಚ್ಚಿನವರು ಬಸ್ ನಿಲ್ದಾಣದಿಂದ ನಡೆದು ಬಂದವರು, ಮಿಕ್ಕವರಲ್ಲಿ ಬಹುಪಾಲು ಟಾಕೀಸಿನ ಸ್ಟ್ಯಾಂಡಿನಲ್ಲಿ ಟೋಕನ್ ತೆಗೆದುಕೊಂಡು ಗಾಡಿ ಬಿಟ್ಟವರು. ಟಾಕೀಸಿನ ಮುಂದಿನ ಅಂಗಳ ಬೇರೆ ಇತ್ತು. ಹೌಸ್‌ಫುಲ್ ಬೋರ್ಡು, ಕಟೌಟು, ಕಡಲೆಕಾಯಿ ಗಾಡಿ ಎಲ್ಲ ಅಲ್ಲೇ. ಇನ್ನೂರು ಮುನ್ನೂರು ಜನ ರಸ್ತೆಗೆ ಇಳಿಯದೆ ಕಾಯುವ ಜಾಗ ಅದು. ಮರುನಿರ್ಮಾಣದಲ್ಲಿ ಮೊದಲು ಕಳೆದುಹೋಗುವುದು ಆ ಅಂಗಳ. ನಕ್ಷೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲವಾದ್ದರಿಂದ ಹೋದದ್ದೂ ಯಾರಿಗೂ ಕಾಣುವುದಿಲ್ಲ.

ಹೊಸ ಕಟ್ಟಡದಲ್ಲಿ ಸೀಟು ಅಷ್ಟೇ ಎಂದು ಹಿಡಿಯಿರಿ: ಆರು ಪರದೆ, ತಲಾ 200, ಒಟ್ಟು 1,200. ಶೇ 70 ತುಂಬಿದರೆ 840 ಜನ. ಯಾರು ಹೇಗೆ ಬರುತ್ತಾರೆ ಎಂಬುದಕ್ಕೆ ಒಂದು ಊಹೆ ಬೇಕು. ನಾನು ಹಿಡಿಯುವ ಅಂಕಿ ಲೆಕ್ಕದ ದಾರಿ ತೋರಿಸಲಿಕ್ಕೆ ಮಾತ್ರ, ನಿಮ್ಮ ಬೀದಿಯ ಅಂಕಿಯನ್ನು ನೀವೇ ಎಣಿಸಿ ಹಾಕಿಕೊಳ್ಳಬೇಕು. ಕಾಲುಭಾಗ ಕಾರಿನಲ್ಲಿ, ಕಾರಿಗೆ 2.8 ಜನರಂತೆ ಬಂದರೆ 75 ಕಾರು. ಶೇ 30 ದ್ವಿಚಕ್ರದಲ್ಲಿ, ಗಾಡಿಗೆ 1.7 ಜನರಂತೆ ಬಂದರೆ 148 ಬೈಕು, ಸ್ಕೂಟರು. ಶೇ 15 ಆಟೊ, ಕ್ಯಾಬಿನಲ್ಲಿ ಎರಡೂವರೆ ಜನರಂತೆ ಬಂದರೆ 50 ಬಾಡಿಗೆ. ಮಿಕ್ಕ 252 ಜನ ಮೆಟ್ರೊ, ಬಸ್ಸು, ಕಾಲ್ನಡಿಗೆ.

ನೋಡಿ, ಸಿನಿಮಾದಿಂದ ಬರುವ ಕಾರು ಎಪ್ಪತ್ತೈದೇ. ಕಾರು ಹೆಚ್ಚುವುದು ಅಂಗಡಿಗಳಿಂದ. ಹತ್ತು ಸಾವಿರ ಚದರ ಮೀಟರ್ ಮಳಿಗೆ ಬಂದರೆ, ಪ್ರತಿ 50 ಚದರ ಮೀಟರಿಗೆ ಒಂದು ಕಾರು ಎಂದು ಹಿಡಿದರೂ 200. ಜಗಳವೆಲ್ಲ ಥಿಯೇಟರಿನ ಹೆಸರಿನಲ್ಲಿ ನಡೆಯುತ್ತದೆ, ಗಾಡಿ ತರುವುದು ಜವಳಿ ಅಂಗಡಿ ಮತ್ತು ಫುಡ್‌ಕೋರ್ಟು.

ಬಾಯಿ ಚಿಕ್ಕದಾದ ಬಾವಿ

ಈಗ ಗೇಟಿಗೆ ಬರೋಣ. ಗುಂಡಿ ಒತ್ತಿ ಚೀಟಿ ಪಡೆಯುವ ಅಡ್ಡಗೋಲಿನ ಗೇಟಿನಲ್ಲಿ ಒಂದು ಕಾರಿಗೆ ಸುಮಾರು 12 ಸೆಕೆಂಡು, ಅಂದರೆ ನಿಮಿಷಕ್ಕೆ ಐದು. ಆಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ 75 ಕಾರು ಬಂದರೆ ನಿಮಿಷಕ್ಕೆ ಎರಡೂವರೆ. ಗೇಟು ಸಲೀಸಾಗಿ ನುಂಗುತ್ತದೆ. ಆದರೆ ನಮ್ಮ ಮಾಲ್‌ಗಳಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕಾವಲುಗಾರ ಕಾರಿನ ಅಡಿಗೆ ಕನ್ನಡಿ ಹಿಡಿಯುತ್ತಾನೆ, ಡಿಕ್ಕಿ ತೆಗೆಸುತ್ತಾನೆ, ಮುಚ್ಚುತ್ತಾನೆ. ಅರ್ಧ ನಿಮಿಷ ಹೋಯಿತು. ಈಗ ಗೇಟು ದಾಟುವುದು ನಿಮಿಷಕ್ಕೆ ಎರಡೇ ಕಾರು, ಬರುತ್ತಿರುವುದು ಎರಡೂವರೆ. ಅರ್ಧ ಗಂಟೆಯಲ್ಲಿ 15 ಕಾರು ಹೊರಗೆ ಉಳಿದವು. ಒಂದಕ್ಕೆ 6 ಮೀಟರ್ ಎಂದರೆ 90 ಮೀಟರ್ ಬಾಲ ಸುಬೇದಾರ್ ಛತ್ರಂ ರಸ್ತೆಯ ಮೇಲೆ. ಒಳಗೆ ಸಾವಿರ ಕಾರಿನ ಜಾಗವಿದ್ದರೂ ಈ ಬಾಲ ಒಂದು ಮೀಟರೂ ಮೊಟಕಾಗುವುದಿಲ್ಲ.

ಇದಕ್ಕೆ ಮದ್ದು ದುಬಾರಿಯೇನಲ್ಲ, ನಕ್ಷೆ ಹಂತದಲ್ಲಿ ಯೋಚಿಸಿರಬೇಕು ಅಷ್ಟೆ. ತಪಾಸಣೆಯನ್ನು ಬಾಗಿಲಲ್ಲಿ ಇಡದೆ ಕಟ್ಟಡದ ಪಕ್ಕದ ಓಣಿಯ ಕೊನೆಗೋ ರ‍್ಯಾಂಪ್ ಇಳಿದ ಮೇಲೋ ಇಡಬೇಕು. ಮೇಲಿನ ಲೆಕ್ಕದ 15 ಕಾರು ನಿಲ್ಲಲು ಎರಡು ಸಾಲಿನಲ್ಲಿ 45 ಮೀಟರ್ ಸಾಕು. ಅಷ್ಟು ಉದ್ದ ಆವರಣದೊಳಗೇ ಸಿಗಬೇಕು. ಒಂದು ಎಚ್ಚರಿಕೆ: ಕಟ್ಟಡದ ಸುತ್ತ ಅಗ್ನಿಶಾಮಕ ವಾಹನ ಓಡಾಡಲು ಬಿಟ್ಟ ದಾರಿಯನ್ನೇ ಕಾರಿನ ಸರದಿಗೆ ಎಣಿಸಿ ಕೈತೊಳೆದುಕೊಳ್ಳುವ ನಕ್ಷೆಗಳಿವೆ. ಬೆಂಕಿ ಬೀಳುವುದು ಹೌಸ್‌ಫುಲ್ ಆಟದ ವೇಳೆಯಲ್ಲೇ ಆದರೆ ಆ ದಾರಿಯಲ್ಲಿ ಹದಿನೈದು ಕಾರು ನಿಂತಿರುತ್ತವೆ.

ಹೊರಗೆ ಬರುವಾಗ ಇನ್ನೂ ಬಿಗಿ. ಬರುವವರು ಅರ್ಧ ಗಂಟೆಯಲ್ಲಿ ಹರಡಿಕೊಂಡು ಬರುತ್ತಾರೆ, ಹೋಗುವವರು ಒಟ್ಟಿಗೇ ಏಳುತ್ತಾರೆ. 75 ಕಾರು ಕಾಲು ಗಂಟೆಯಲ್ಲಿ ಹೊರಟರೆ ನಿಮಿಷಕ್ಕೆ ಐದು. ಗೇಟಿನಲ್ಲಿ ಚೀಟಿ ಕೊಟ್ಟು, ದುಡ್ಡು ಎಣಿಸಿ, ಚಿಲ್ಲರೆ ಪಡೆಯಲು ಕಾರಿಗೆ 25 ಸೆಕೆಂಡಾದರೆ ನಿಮಿಷಕ್ಕೆ 2.4. ಕೊನೆಯ ಕಾರು ದಾಟಲು 31 ನಿಮಿಷ. ಅಷ್ಟು ಹೊತ್ತು ಎಂಜಿನ್ ಓಡುತ್ತಾ ನೆಲದಡಿಯಲ್ಲಿ ಸಾಲು ನಿಂತಿರುತ್ತದೆ. ಬೇಸ್‌ಮೆಂಟಿನ ಗಾಳಿಯನ್ನು ಸಾಮಾನ್ಯ ಹೊತ್ತಿನಲ್ಲಿ ಗಂಟೆಗೆ ಆರು ಸಲ, ಬೆಂಕಿಯ ಹೊತ್ತಿನಲ್ಲಿ ಹನ್ನೆರಡು ಸಲ ಬದಲಾಯಿಸುವಷ್ಟು ಫ್ಯಾನು ಇರಬೇಕು. ಇರುತ್ತವೆ ಕೂಡ. ಕರೆಂಟು ಬಿಲ್ಲು ಉಳಿಸಲು ಅವನ್ನು ಆರಿಸಿಟ್ಟಿರುತ್ತಾರೆ. ಕಣ್ಣುರಿ, ತಲೆನೋವು ಎಂದು ಜನ ದೂರುವುದು ಅಂಥ ಕಡೆಯಲ್ಲೇ. ಪಾವತಿಯನ್ನು ಲಿಫ್ಟಿನ ಬಳಿಯೇ ಯುಪಿಐ ಮೂಲಕ ಮುಗಿಸಿ ಗೇಟಿನಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಇಟ್ಟರೆ ಕಾರಿಗೆ ಏಳೆಂಟು ಸೆಕೆಂಡು ಸಾಕು.

ಮಲ್ಟಿಪ್ಲೆಕ್ಸಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಒಪ್ಪಿಕೊಳ್ಳಬೇಕು. ಆರು ಪರದೆಯ ಆಟಗಳನ್ನು 25 ನಿಮಿಷದ ಅಂತರದಲ್ಲಿ ಹಂಚಿದರೆ ಒಂದು ಸಲಕ್ಕೆ ಹೊರಬೀಳುವುದು 140 ಜನ, ಹದಿಮೂರು ಕಾರು. ನಿಧಾನದ ಗೇಟು ಕೂಡ ಅದನ್ನು ಐದಾರು ನಿಮಿಷದಲ್ಲಿ ದಾಟಿಸುತ್ತದೆ. ಏಕಪರದೆಯ ಟಾಕೀಸಿಗೆ ಇದು ಸಾಧ್ಯವೇ ಇರಲಿಲ್ಲ. ಆದರೆ ದೊಡ್ಡ ನಟನ ಚಿತ್ರ ಬಿಡುಗಡೆಯಾದ ಶುಕ್ರವಾರ ಆರರಲ್ಲಿ ನಾಲ್ಕು ಪರದೆಗೆ ಅದೇ ಚಿತ್ರ, ಎಲ್ಲವೂ ಹತ್ತು ನಿಮಿಷದ ಒಳಗೆ ಶುರು. ಅನುಕೂಲವೆಲ್ಲ ಅಲ್ಲಿಗೆ ಮುಗಿಯಿತು. ಆದ್ದರಿಂದ ‘ಆಟಗಳ ನಡುವೆ ಕನಿಷ್ಠ 15 ನಿಮಿಷ ಅಂತರ, ಬಿಡುಗಡೆಯ ವಾರವೂ ಸೇರಿ’ ಎಂಬ ಷರತ್ತನ್ನು ಬರಹದಲ್ಲಿ ಪಡೆಯಿರಿ. ಒಂದು ಬೇಸ್‌ಮೆಂಟಿಗಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ, ಖರ್ಚೂ ಇಲ್ಲ.

ನಕ್ಷೆಯಲ್ಲಿ ಯಾರೂ ಬರೆಯದ ಇನ್ನೊಂದು ಸಂಗತಿ ಆಟೊ ಮತ್ತು ಕ್ಯಾಬು. 50 ಬಾಡಿಗೆ ಕಾಲು ಗಂಟೆಯಲ್ಲಿ ಎಂದರೆ ನಿಮಿಷಕ್ಕೆ ಮೂರಕ್ಕೂ ಹೆಚ್ಚು. ಜನ ಇಳಿಸಿ ಹೋಗಲು ಅರ್ಧ ನಿಮಿಷ ಸಾಕು, ಹತ್ತಿಸಿಕೊಳ್ಳಲು ಎರಡು ನಿಮಿಷ ಬೇಕು. ಗಾಡಿ ಹುಡುಕಬೇಕು, ಮನೆಯವರನ್ನೆಲ್ಲ ಸೇರಿಸಬೇಕು, ಓಟಿಪಿ ಹೇಳಬೇಕು. ಹಾಗಾಗಿ ಯಾವ ಕ್ಷಣ ನೋಡಿದರೂ ಏಳು ಗಾಡಿ ನಿಂತಿರುತ್ತವೆ, ಸುಮಾರು 42 ಮೀಟರ್ ಜಾಗ. ಆವರಣದೊಳಗೆ ಅಷ್ಟು ಬಿಡದಿದ್ದರೆ ಅವು ರಸ್ತೆಯ ಎಡಬದಿಯ ಪಥವನ್ನು ಪೂರ್ತಿ ಹಿಡಿಯುತ್ತವೆ, ಹಿಂದೆ ಬಂದ ಬಿಎಂಟಿಸಿ ಬಸ್ಸು ಬಲಕ್ಕೆ ತಿರುಗಿಸಿಕೊಳ್ಳಲಾಗದೆ ನಿಲ್ಲುತ್ತದೆ. ಮಾಲ್ ಮುಂದಿನ ದಟ್ಟಣೆ ಎಂದು ನಾವು ಬೈಯುವುದರಲ್ಲಿ ಬಹುಪಾಲು ಇದೇ. ಇದಕ್ಕೂ ಬೇಸ್‌ಮೆಂಟಿಗೂ ಸಂಬಂಧವಿಲ್ಲ.

ಇನ್ನು ಬೈಕುಗಳು. ಕಾರಿನ ಎರಡರಷ್ಟು ಸಂಖ್ಯೆಯಲ್ಲಿ ಬರುವ ಇವಕ್ಕೆ ನಕ್ಷೆಯಲ್ಲಿ ಸಿಗುವುದು ಮೂಲೆಯ ಜಾಗ, ಅದೂ ಎರಡನೇ ಬೇಸ್‌ಮೆಂಟಿನಲ್ಲಿ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರ‍್ಯಾಂಪ್ ಆರಾಮ, ಎಂಟಕ್ಕೆ ಒಂದು ಇಳಿದರೆ ಮಳೆಗಾಲದಲ್ಲಿ ಒದ್ದೆ ಟೈರಿನ ಸ್ಕೂಟರು ತಿರುವಿನಲ್ಲಿ ಜಾರುತ್ತದೆ. ಹಿಂದೆ ಕೂತವರ ಕೈಯಲ್ಲಿ ಮಗುವಿದ್ದರೆ ಸವಾರ ಆ ರ‍್ಯಾಂಪ್ ಇಳಿಯುವುದೇ ಇಲ್ಲ, ಎದುರಿನ ಫುಟ್‌ಪಾತ್ ಹತ್ತಿಸುತ್ತಾನೆ. ದ್ವಿಚಕ್ರಕ್ಕೆ ನೆಲಮಟ್ಟದಲ್ಲಿ ಅಥವಾ ಮೊದಲ ಬೇಸ್‌ಮೆಂಟಿನಲ್ಲಿ, ಕಾರಿಗೆ ಸೋಕದ ಬೇರೆ ದಾರಿಯಲ್ಲಿ ಜಾಗ ಬೇಕು. ಓಡಾಡುವ ದಾರಿ ಸೇರಿ ಗಾಡಿಗೆ ಮೂರು ಚದರ ಮೀಟರ್ ಹಿಡಿದರೆ 150 ಗಾಡಿಗೆ 450 ಚದರ ಮೀಟರ್. ಹದಿನಾಲ್ಕು ಕಾರಿನ ಜಾಗ ಅದು.

ರ‍್ಯಾಂಪಿನ ಮೇಲ್ತುದಿಯ ಬಗ್ಗೆಯೂ ಒಂದು ಮಾತು. ಇಳಿಜಾರು ನೇರ ಫುಟ್‌ಪಾತಿಗೆ ಬಂದು ಮುಗಿದರೆ ಹೊರಬರುವ ಕಾರಿನ ಮೂತಿ ಆಕಾಶ ನೋಡುತ್ತಿರುತ್ತದೆ, ಚಾಲಕನಿಗೆ ನಡೆದು ಹೋಗುತ್ತಿರುವವರು ಕಾಣುವುದಿಲ್ಲ. ಫುಟ್‌ಪಾತಿಗೆ ಮುಂಚೆ ಒಂದು ಕಾರಿನುದ್ದ, ಆರು ಮೀಟರ್ ಸಮತಟ್ಟು ಇರಲಿ. ಫುಟ್‌ಪಾತನ್ನು ಕಡಿದು ಕೆಳಗಿಳಿಸದೆ ಕಾರೇ ಹತ್ತಿ ಇಳಿಯುವಂತೆ ಮಾಡಲಿ. ಒಳಕ್ಕೂ ಹೊರಕ್ಕೂ ಎಡತಿರುವು ಮಾತ್ರ. ಎದುರು ಸಾಲನ್ನು ಅಡ್ಡಹಾಯ್ದು ಬಲಕ್ಕೆ ತಿರುಗಲು ಬಿಟ್ಟರೆ ಆ ಒಂದು ಕಾರಿಗಾಗಿ ಎರಡೂ ದಿಕ್ಕು ನಿಲ್ಲುತ್ತದೆ.

ಆಳಕ್ಕೆ ಹೋದಷ್ಟೂ

ಬೇಸ್‌ಮೆಂಟ್ ಕೇಳುವಾಗ ಏನನ್ನು ಕೇಳುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಕಾರು ನಿಲ್ಲುವ ಚೌಕ ಎರಡೂವರೆ ಮೀಟರಿಗೆ ಐದು ಮೀಟರ್, ಹನ್ನೆರಡೂವರೆ ಚದರ ಮೀಟರ್ ಅಷ್ಟೇ. ಓಡಾಟದ ದಾರಿ, ರ‍್ಯಾಂಪ್, ಕಂಬ, ಪಂಪ್ ಕೋಣೆ ಸೇರಿದರೆ ನೆಲದಡಿಯಲ್ಲಿ ಒಂದು ಕಾರಿಗೆ 32 ಚದರ ಮೀಟರ್ ಎಂಬುದು ಯೋಜನಾ ಕಚೇರಿಗಳು ಹಿಡಿಯುವ ಲೆಕ್ಕ, ಬಯಲಲ್ಲಾದರೆ 23. ನಮ್ಮ ಟಾಕೀಸು ನಿವೇಶನ 3,000 ಚದರ ಮೀಟರ್, ಅಗೆಯಲು ಸಿಗುವುದು 2,500 ಎಂದರೆ ಒಂದು ಅಂತಸ್ತಿಗೆ 78 ಕಾರು. ಮೂರು ಅಂತಸ್ತಿಗೆ 234. ಸಿನಿಮಾ, ಅಂಗಡಿ ಎರಡೂ ಸೇರಿ ಬೇಕಾದದ್ದು 275. ಹಾಗಾದರೆ ನಾಲ್ಕನೆಯದು ಎನ್ನುತ್ತಾರೆ.

ಮೂರು ಅಂತಸ್ತಿಗೆ 3.6 ಮೀಟರಿನಂತೆ 10.8, ಅಡಿಪಾಯದ ಹಲಗೆ ಸೇರಿ 12 ಮೀಟರ್ ಆಳ. 30,000 ಘನ ಮೀಟರ್ ಮಣ್ಣು. ಅಗೆದಾಗ ಅದು ಉಬ್ಬಿ 39,000 ಆಗುತ್ತದೆ. ಟಿಪ್ಪರಿಗೆ 15 ಘನ ಮೀಟರ್ ಹಿಡಿದರೆ 2,600 ಲೋಡು. ಹಗಲು ಭಾರಿ ವಾಹನ ಒಳಗೆ ಬರುವಂತಿಲ್ಲ, ರಾತ್ರಿ 40 ಲೋಡು ಹೋದರೆ 65 ರಾತ್ರಿ. ನಾಲ್ಕನೇ ಅಂತಸ್ತಿಗೆ ಇನ್ನೂ 780 ಲೋಡು, ಸಿಗುವುದು 78 ಕಾರಿನ ಜಾಗ. ಒಂದು ಕಾರು ನಿಲ್ಲಿಸಲು ಹತ್ತು ಟಿಪ್ಪರ್ ಮಣ್ಣು. ಅದು ಮಣ್ಣೇ ಆಗಿದ್ದರೆ. ಬೆಂಗಳೂರಿನಲ್ಲಿ ಕೆಳಗೆ ಬಂಡೆ ಸಿಗುತ್ತದೆ. ಲಾಡ್ಜುಗಳ ನಡುವೆ ಸಿಡಿಮದ್ದು ಇಡುವಂತಿಲ್ಲ. ಬ್ರೇಕರ್ ಇಟ್ಟು ಕುಟ್ಟಬೇಕು, ಇಲ್ಲವೇ ತೂತು ಕೊರೆದು ಉಬ್ಬುವ ರಾಸಾಯನಿಕ ತುಂಬಿ ಬಿರಿಯಲು ಕಾಯಬೇಕು. ಪಕ್ಕದ ಲಾಡ್ಜಿಗೆ ಆರು ತಿಂಗಳು ಗಿರಾಕಿ ಇರುವುದಿಲ್ಲ.

ಗಿರಾಕಿ ಹೋದರೆ ತಿರುಗಿ ಬರಬಹುದು, ಗೋಡೆ ಬಂದೀತೇ? ಗಾಂಧಿನಗರದ ಹಳೆಯ ಕಟ್ಟಡಗಳಲ್ಲಿ ಎಷ್ಟೋ ಇಟ್ಟಿಗೆ ಗೋಡೆಯ ಮೇಲೆಯೇ ಭಾರ ಹೊತ್ತವು, ಸೈಜುಗಲ್ಲಿನ ಪಾಯ ಮೂರರಿಂದ ಐದು ಅಡಿ. ಅದರ ಮೇಲೆ ಕಾಲಕಾಲಕ್ಕೆ ಏರಿಸಿದ ಮಹಡಿಗಳು. ಪಕ್ಕದಲ್ಲಿ ನಲವತ್ತು ಅಡಿ ಅಗೆದಾಗ ಆ ಪಾಯದ ಅಡಿಯ ಮಣ್ಣನ್ನು ಹಿಡಿದು ನಿಲ್ಲಿಸಲು ಏನಾದರೂ ಬೇಕು. 2020ರ ಜುಲೈನಲ್ಲಿ ಕಪಾಲಿ ಇದ್ದ ನಿವೇಶನದಲ್ಲಿ ಆಳದ ಅಗೆತ ನಡೆದಿದ್ದಾಗ ಅದಕ್ಕೆ ತಾಗಿಕೊಂಡಿದ್ದ ಬಹುಮಹಡಿ ಕಟ್ಟಡವೊಂದು ರಾತ್ರಿ ಕುಸಿಯಿತು. ಒಳಗಿದ್ದವರನ್ನು ಮುಂಚೆಯೇ ಹೊರಗೆ ಕಳಿಸಿದ್ದರಿಂದ ಜೀವ ಉಳಿಯಿತು.

ಹಾಗಾಗಿ ಅಗೆತಕ್ಕೆ ಮೊದಲು ನೆರೆಯವರು ಪಟ್ಟು ಹಿಡಿಯಬೇಕಾದ ಕೆಲಸಗಳಿವೆ. ನಿಮ್ಮ ಕಟ್ಟಡದ ಪ್ರತಿ ಕೋಣೆಯ ಬಿರುಕನ್ನೂ ತಾರೀಕು ಕಾಣುವಂತೆ ಫೋಟೊ ತೆಗೆಸಿ ಎರಡೂ ಕಡೆಯವರು ಸಹಿ ಹಾಕಬೇಕು. ಆಮೇಲೆ ‘ಅದು ಮೊದಲೇ ಇತ್ತು’ ಎಂಬ ವಾದಕ್ಕೆ ಎಡೆಯಿರುವುದಿಲ್ಲ. ಇದ್ದ ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರನ್ನು ಗಾರೆಯಿಂದ ಕೂರಿಸಬೇಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಇದಕ್ಕಿಂತ ಅಗ್ಗದ ಮಾಪಕವಿಲ್ಲ. ಅಂಚಿನುದ್ದಕ್ಕೂ ಕಾಂಕ್ರೀಟ್ ಪೈಲುಗಳ, ಅಂದರೆ ನೆಲದೊಳಗಿನ ಕಂಬಗಳ, ಸಾಲು ಇಳಿಸಿದ ಮೇಲೆಯೇ ಒಳಗೆ ಅಗೆಯಬೇಕು, ಅದೂ ತುಂಡು ತುಂಡಾಗಿ, ಒಂದೊಂದು ಹಂತಕ್ಕೂ ಆಸರೆ ಬಿಗಿದು. ಆ ಪೈಲುಗಳನ್ನು ಹಿಂದಕ್ಕೆ ಎಳೆದು ಹಿಡಿಯಲು ಉಕ್ಕಿನ ಆ್ಯಂಕರ್ ಹಾಕುತ್ತಾರೆ. ಅವು ನಿಮ್ಮ ಜಾಗದ ಅಡಿಗೆ ಬರುತ್ತವೆ. ನಿಮ್ಮ ಒಪ್ಪಿಗೆ ಪಡೆಯದೆ ಹಾಕುವಂತಿಲ್ಲ. ಕೇಳದೆಯೇ ಹಾಕಿದ್ದರೆ ನಾಳೆ ನೀವು ಮನೆ ಕೆಡವಿ ಪಾಯ ತೋಡುವಾಗ ಗೊತ್ತಾಗುತ್ತದೆ.

ಮೆಜೆಸ್ಟಿಕ್‌ನಲ್ಲಿ ನೀರಿನ ಮಾತು ಬೇರೆಯೇ ಹೇಳಬೇಕು. ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಊರಿನ ನೀರು ಅತ್ತ ಹರಿಯುವುದನ್ನು ಇನ್ನೂ ಮರೆತಿಲ್ಲ. ರ‍್ಯಾಂಪಿನ ಬಾಯಿ ರಸ್ತೆಗಿಂತ ಕನಿಷ್ಠ ಒಂದು ಗೇಣು ಎತ್ತರಕ್ಕೆ ಏರಿ ಆಮೇಲೆ ಇಳಿಯಬೇಕು, ಅಡ್ಡಲಾಗಿ ಕಂಬಿ ಮುಚ್ಚಿದ ಕಾಲುವೆ ಬೇಕು. ತಳದಲ್ಲಿ ಎರಡು ಪಂಪು, ಒಂದು ಕೆಟ್ಟರೆ ಇನ್ನೊಂದು. ಅವುಗಳ ಜನರೇಟರ್ ಬೇಸ್‌ಮೆಂಟಿನಲ್ಲಿ ಇರಬಾರದು. ಹೇಳುವ ಅಗತ್ಯವೇ ಇಲ್ಲ ಅನ್ನಿಸಬಹುದು, ಆದರೂ ಹೇಳುತ್ತಿದ್ದೇನೆ. ಅಗೆಯುವಾಗ ದಿನವಿಡೀ ನೀರೆತ್ತಿದರೆ ಸುತ್ತಲಿನ ಮಣ್ಣು ಒಣಗಿ ಕೂರುತ್ತದೆ, ಪೈಲು ಗಟ್ಟಿಯಿದ್ದರೂ ಎದುರುಬದಿಯ ಗೋಡೆ ಬಿರುಕು ಬಿಡಬಹುದು.

ನಾಲ್ಕನೇ ಬೇಸ್‌ಮೆಂಟ್ ಬೇಡವೆಂದರೆ ಬಿಲ್ಡರ್ ತೆಗೆಯುವ ಇನ್ನೊಂದು ಚೀಟಿ ಯಂತ್ರದ ಪಾರ್ಕಿಂಗ್. ಕಾರಿನ ಮೇಲೆ ಕಾರು ಏರಿಸುವ ಈ ಚೌಕಟ್ಟಿನಲ್ಲಿ ಕಾರಿಗೆ 16ರಿಂದ 18 ಚದರ ಮೀಟರ್ ಸಾಕು, ಕಾಗದದ ಮೇಲೆ ಸಂಖ್ಯೆ ಚಂದ ಕಾಣುತ್ತದೆ. ಒಂದು ಕಾರು ಇಳಿಸಲು ಎರಡು ನಿಮಿಷ. ನಾಲ್ಕು ಯಂತ್ರವಿದ್ದರೆ ನಿಮಿಷಕ್ಕೆ ಎರಡು ಕಾರು. ಆಟ ಬಿಟ್ಟು ಕೀ ಹಿಡಿದು ನಿಂತ 75 ಜನರಲ್ಲಿ ಕೊನೆಯವರು 37 ನಿಮಿಷ ಕಾಯುತ್ತಾರೆ. ಎತ್ತರದ ಎಸ್‌ಯುವಿ ಹಲವು ಹಲಗೆಗಳಲ್ಲಿ ಹಿಡಿಸುವುದೇ ಇಲ್ಲ. ಬೆಳಿಗ್ಗೆ ಬಿಟ್ಟು ರಾತ್ರಿ ಒಯ್ಯುವ ಸಿಬ್ಬಂದಿಯ ಕಾರಿಗೆ ಇದು ಹೇಳಿ ಮಾಡಿಸಿದ್ದು, ಸಿನಿಮಾದ ಗಿರಾಕಿಗೆ ಅಲ್ಲ. ನಕ್ಷೆಯಲ್ಲಿ ಯಾರ ಕಾರಿಗೆ ಯಂತ್ರ ತೋರಿಸಿದ್ದಾರೆ ಎಂದು ನೋಡಿ.

ಥಿಯೇಟರಿನ ಅಡಿಗೇ ಕಾರು ನಿಲ್ಲಿಸುವುದು ಹೊಸದೇನಲ್ಲ. ಮುಂಬೈ ಕೊಲಾಬಾದ ರೀಗಲ್ 1933ರಲ್ಲೇ ನೆಲದಡಿಯ ಪಾರ್ಕಿಂಗ್, ಅಲ್ಲಿಂದ ಮೇಲಕ್ಕೆ ಲಿಫ್ಟು ಇಟ್ಟುಕೊಂಡು ತೆರೆದಿತ್ತು. ಇದರ ಇನ್ನೊಂದು ಮುಖ ದೆಹಲಿಯ ಉಪಹಾರ್. 1997ರ ಜೂನ್ 13ರಂದು ನೆಲಮಟ್ಟದ ಟ್ರಾನ್ಸ್‌ಫಾರ್ಮರಿನಿಂದ ಹತ್ತಿದ ಬೆಂಕಿ ಅದೇ ಅಂತಸ್ತಿನಲ್ಲಿ ಒತ್ತೊತ್ತಾಗಿ ನಿಂತಿದ್ದ ಕಾರುಗಳಿಗೆ ದಾಟಿತು. ಹೊಗೆ ಮೆಟ್ಟಿಲ ಬಾವಿಯಿಂದ ಬಾಲ್ಕನಿಗೆ ಏರಿತು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಒಂದು ಹೊರದಾರಿ ಮುಚ್ಚಿದ್ದರು. 59 ಜನ ಸತ್ತರು. ಪಾರ್ಕಿಂಗಿನಿಂದ ಮೇಲೆ ಹೋಗುವ ಮೆಟ್ಟಿಲಿಗೆ ಬೆಂಕಿ ತಡೆಯುವ, ತಾನೇ ಮುಚ್ಚಿಕೊಳ್ಳುವ ಬಾಗಿಲು ಇದೆಯೇ, ಟ್ರಾನ್ಸ್‌ಫಾರ್ಮರ್ ಕಾರಿನ ಅಂತಸ್ತಿನಿಂದ ಹೊರಗಿದೆಯೇ ಎಂದು ಕೇಳುವುದು ಪಾರ್ಕಿಂಗಿನ ಪ್ರಶ್ನೆಯೇ. ಆ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಡುವ ಚಾಳಿಯನ್ನೂ ನೋಡಿಕೊಳ್ಳಬೇಕು.

ಬೀದಿಯಲ್ಲಿ ನಿಂತದ್ದು ಯಾರ ಗಾಡಿ

ಅಂಗಡಿಯವರ ಅಳಲು ಬೇರೆ: ‘ಸಿನಿಮಾಕ್ಕೆ ಬಂದವರು ನಮ್ಮ ಮುಂದೆ ನಿಲ್ಲಿಸ್ತಾರೆ, ನಮ್ಮ ಗಿರಾಕಿಗೆ ಜಾಗವಿಲ್ಲ.’ ನಿಜವೇ ಎಂದು ನೋಡಲು ಕಾಗದ, ಪೆನ್ನು, ನಾಲ್ಕು ಜನ ಸಾಕು. ಒಂದು ವಾರದ ದಿನ, ಒಂದು ಶನಿವಾರ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಅರ್ಧ ಗಂಟೆಗೊಮ್ಮೆ ಬೀದಿ ನಡೆದು ನಿಂತ ಗಾಡಿಗಳ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ. ಒಂದೇ ಸಂಖ್ಯೆ ಹತ್ತು ಸುತ್ತಿನಲ್ಲಿ ಬಂದರೆ ಅದು ಗಿರಾಕಿಯದಲ್ಲ, ಅಂಗಡಿಯವರದೋ ಸಿಬ್ಬಂದಿಯದೋ. ಐದಾರು ಸುತ್ತು ಬಂದದ್ದು ಸಿನಿಮಾದ್ದಿರಬಹುದು. ಗಿರಾಕಿಯ ಗಾಡಿ ಒಂದೆರಡು ಸುತ್ತಿನಲ್ಲಿ ಮಾಯವಾಗುತ್ತದೆ. ಈ ಪಟ್ಟಿ ಕೈಯಲ್ಲಿ ಹಿಡಿದು ಸಭೆಗೆ ಹೋಗುವುದಕ್ಕೂ ಬರಿಗೈಲಿ ಹೋಗಿ ಕೂಗಾಡುವುದಕ್ಕೂ ವ್ಯತ್ಯಾಸವಿದೆ. ಪಟ್ಟಿ ಕೆಲವೊಮ್ಮೆ ನಮಗೇ ಮುಜುಗರ ತರುತ್ತದೆ, ಅದಕ್ಕೂ ಸಿದ್ಧರಿರಬೇಕು.

ರಸ್ತೆಯಲ್ಲಿ ಬಿಟ್ಟಿ, ಬೇಸ್‌ಮೆಂಟಿನಲ್ಲಿ ಗಂಟೆಗೆ ಇಷ್ಟು ಎಂದರೆ ಮೊದಲು ತುಂಬುವುದು ರಸ್ತೆ. ಇದು ಯಾವ ಊರಿನಲ್ಲೂ ಬದಲಾಗುವುದಿಲ್ಲ. ಫ್ರೀಡಂ ಪಾರ್ಕ್ ಪಕ್ಕದಲ್ಲಿ ಐನೂರಕ್ಕೂ ಹೆಚ್ಚು ಕಾರು ನಿಲ್ಲುವ ಪಾಲಿಕೆಯ ಪಾರ್ಕಿಂಗ್ ಕಟ್ಟಡ ಕಟ್ಟಿ ಮುಗಿದ ಮೇಲೂ ನಡೆಸುವವರಿಲ್ಲದೆ ಬಹಳ ಕಾಲ ಬೀಗ ಹಾಕಿಕೊಂಡಿತ್ತು. ಗಾಂಧಿನಗರದಿಂದ ನಡೆದು ಹೋಗುವಷ್ಟೇ ದೂರ. ಅಂಥ ಜಾಗವನ್ನು ಸಂಜೆ, ರಜಾದಿನಗಳಲ್ಲಿ ಮಲ್ಟಿಪ್ಲೆಕ್ಸ್ ಬಾಡಿಗೆಗೆ ಹಿಡಿದು ಟಿಕೆಟ್ ಜೊತೆಗೇ ಮಾರಿದರೆ ಒಂದು ಬೇಸ್‌ಮೆಂಟ್ ಕಡಿಮೆ ಅಗೆಯಬಹುದು. ಕಚೇರಿಯವರ ಕಾರು ಹಗಲಿಗೆ, ಸಿನಿಮಾದವರ ಕಾರು ಇರುಳಿಗೆ.

ಮತ್ತೆ, ಇದು ಮೆಜೆಸ್ಟಿಕ್. ರೈಲು ನಿಲ್ದಾಣ, ಕೆಎಸ್‌ಆರ್‌ಟಿಸಿ, ಬಿಎಂಟಿಸಿ ನಿಲ್ದಾಣ, ನೇರಳೆ ಹಸಿರು ಎರಡೂ ಮೆಟ್ರೊ ಮಾರ್ಗ ಕೂಡುವ ಜಾಗ. ರಾಜ್ಯದಲ್ಲಿ ಕಾರಿಲ್ಲದೆ ತಲುಪಲು ಇಷ್ಟು ಸುಲಭವಾದ ಇನ್ನೊಂದು ಕಡೆ ತೋರಿಸಿ. ಮುಂಬೈಯ ಎರೋಸ್ ಚರ್ಚ್‌ಗೇಟ್ ನಿಲ್ದಾಣದ ಎದುರಿಗಿದೆ. 1938ರ ಆ ಕಟ್ಟಡದ ಹೊರಮೈ ಉಳಿಸಿಕೊಂಡು, 1,200ರಷ್ಟಿದ್ದ ಸೀಟನ್ನು ಸುಮಾರು 300ಕ್ಕೆ ಇಳಿಸಿ, ಒಂದೇ ದೊಡ್ಡ ಪರದೆಯೊಂದಿಗೆ 2024ರಲ್ಲಿ ಮತ್ತೆ ತೆರೆದರು. ಎಲ್ಲ ಕಡೆಗೂ ಅದು ಒಗ್ಗುವುದಿಲ್ಲ, ಆದರೆ ನಿಲ್ದಾಣದ ಎದುರಿನ ಟಾಕೀಸಿಗೆ ದಾರಿ ಒಂದೇ ಅಲ್ಲ ಎಂಬುದು ಗೊತ್ತಾಗುತ್ತದೆ.

ಕಾಗದಪತ್ರದ ದಾರಿ ಚಿಕ್ಕದಾಗಿ. ನಕ್ಷೆ ಮಂಜೂರು ಮಾಡುವುದು ಹಿಂದೆ ಬಿಬಿಎಂಪಿ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯ ಪಾಲಿಕೆಗಳು. ಸಂಚಾರ ಪೊಲೀಸ್, ಅಗ್ನಿಶಾಮಕ ಇಲಾಖೆ, ಮೆಟ್ರೊ ಸುರಂಗ ಹತ್ತಿರವಿದ್ದರೆ ಮೆಟ್ರೊ ನಿಗಮ ಬಿಎಂಆರ್‌ಸಿಎಲ್ ಒಪ್ಪಿಗೆ ಬೇಕು. ಕಟ್ಟಡ 20,000 ಚದರ ಮೀಟರ್ ಮೀರಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು, ಆದರೆ ಕಟ್ಟಡ ಯೋಜನೆಗಳಿಗೆ ಅದರಲ್ಲಿ ಸಾರ್ವಜನಿಕ ವಿಚಾರಣೆಯಿಲ್ಲ. ಯಾರೂ ನಿಮ್ಮನ್ನು ಕರೆದು ಕೇಳುವುದಿಲ್ಲ ಎಂದರ್ಥ. ಮಂಜೂರಾದ ನಕ್ಷೆ, ಸಂಚಾರ ಪರಿಣಾಮದ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಬೇಕು. ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಎಣಿಕೆ ನಡೆದ ದಿನ. ಮಂಗಳವಾರ ಬೆಳಿಗ್ಗೆ ಗಾಡಿ ಎಣಿಸಿ ಶನಿವಾರ ರಾತ್ರಿಯ ದಟ್ಟಣೆಗೆ ಉತ್ತರ ಬರೆದ ವರದಿಗಳಿರುತ್ತವೆ. ಕಟ್ಟಡ ಬಳಸಬಹುದೆಂಬ ಸ್ವಾಧೀನ ಪತ್ರ ಕೊಡುವ ಮುನ್ನ ಪಾರ್ಕಿಂಗ್ ಚೌಕ ಎಣಿಸುತ್ತಾರೆ. ಆಮೇಲೆ ಬೇಸ್‌ಮೆಂಟಿನಲ್ಲಿ ಗೋದಾಮು, ಮಕ್ಕಳ ಆಟದ ಮಳಿಗೆ, ಡ್ರೈವರುಗಳ ಮಂಚ ಬಂದು ಸೇರುತ್ತವೆ. ಆರು ತಿಂಗಳಿಗೊಮ್ಮೆ ಹೋಗಿ ಎಣಿಸಲು ಯಾರಿಗಾದರೂ ಹಕ್ಕು ಇರುವಂತೆ ಷರತ್ತು ಬರೆಸದಿದ್ದರೆ 234 ಎಂಬುದು ಒಂದು ದಿನದ ಸಂಖ್ಯೆ.

ಕೊನೆಗೆ ಸಭೆಯಿಂದ ಎರಡು ಪ್ರಶ್ನೆ ಬಂದವು.

ಪಾರ್ಕಿಂಗನ್ನೇ ಕಡಿಮೆ ಕೊಟ್ಟರೆ ಜನ ಮೆಟ್ರೊ ಹತ್ತುತ್ತಾರೆಯೇ, ಅಥವಾ ನಮ್ಮ ಗಲ್ಲಿಗೆ ನುಗ್ಗುತ್ತಾರೆಯೇ? ಗಲ್ಲಿಯಲ್ಲಿ ಬಿಟ್ಟಿ ಜಾಗವಿರುವವರೆಗೆ ಗಲ್ಲಿಗೇ ನುಗ್ಗುತ್ತಾರೆ. ಆದ್ದರಿಂದ ಎರಡೂ ಒಟ್ಟಿಗೆ ಆಗಬೇಕು: ಒಳಗೆ ಮಿತಿ, ಹೊರಗೆ ಶುಲ್ಕ ಮತ್ತು ಎಳೆದೊಯ್ಯುವ ಗಾಡಿ. ಹೊರಗಿನದು ಜಾರಿಯಾಗುವವರೆಗೆ ಒಳಗಿನ ಮಿತಿಗೆ ಒಪ್ಪಬೇಡಿ.

ಸೆಕೆಂಡ್ ಶೋ ಬಿಟ್ಟಾಗ ಮೆಟ್ರೊ ಇರುವುದಿಲ್ಲವಲ್ಲ? ಇರುವುದಿಲ್ಲ. ಹತ್ತು ಗಂಟೆಗೆ ಶುರುವಾದ ಎರಡೂಮುಕ್ಕಾಲು ಗಂಟೆಯ ಚಿತ್ರ ಬಿಡುವಾಗ ಒಂದರ ಹತ್ತಿರ. ಕೊನೆಯ ರೈಲು ಅದಕ್ಕೆ ಬಹಳ ಮುಂಚೆಯೇ ಹೊರಟಿರುತ್ತದೆ. ಮೆಟ್ರೊ ಲೆಕ್ಕ ಹಿಡಿದು ಪಾರ್ಕಿಂಗ್ ಕಡಿಮೆ ಮಾಡಿದ ವರದಿ ಫಸ್ಟ್ ಶೋಗೆ ಸರಿ, ಸೆಕೆಂಡ್ ಶೋಗೆ ತಪ್ಪು. ಆ ಹೊತ್ತಿಗೆ ಅಂಗಡಿ ಮುಚ್ಚಿ ಮಾಲಿನ 200 ಕಾರಿನ ಜಾಗ ಖಾಲಿಯಿರುತ್ತದೆ, ಸಿನಿಮಾದ ಕಾರಿಗೆ ಕೊರತೆಯಾಗದು. ಕೊರತೆಯಾಗುವುದು ಆಟೊಗೆ. ರಾತ್ರಿ ಒಂದಕ್ಕೆ ಮೀಟರ್ ಮೇಲೆ ಬರುವ ಆಟೊ ನಿಲ್ಲಲು ಆವರಣದೊಳಗೆ, ದೀಪದ ಕೆಳಗೆ, ಏಳು ಗಾಡಿಯ ಜಾಗ. 42 ಮೀಟರ್. ನಕ್ಷೆಯಲ್ಲಿ ಅದನ್ನು ಹುಡುಕಿ.